ಕತ್ತಿನ ಕೆಳಗಿನ ಕೋಪ

ಬೆನ್ನುಹುರಿ ಈ ಒಂದು ವರ್ಷದೊಳಗೆ ತಾನಾಗಿಯೇ ಕೂಡಿಕೊಂಡುಬಿಟ್ಟಿದೆಯೋ ಏನೋ ಎಂದು ನೋಡಿ, ಇಲ್ಲ ಎಂದು ಪಿಂಚಣಿಯ ಕಾಗದದಲ್ಲಿ ಬರೆದು ಮೊಹರು ಹಾಕಿಕೊಡುವ ಡಾಕ್ಟರು ಹತ್ತು ಗಂಟೆಗೆ ಬರಬೇಕಿತ್ತು. ಹನ್ನೊಂದು ಕಳೆದರೂ ಕೋಣೆಯ ಬಾಗಿಲಿಗೆ ಬೀಗವೇ ಇತ್ತು. ಅವನು ಗಾಲಿಕುರ್ಚಿಯಲ್ಲಿ ಗೋಡೆಗೆ ಬೆನ್ನುಮಾಡಿ ಕೂತು ಆ ಬೀಗವನ್ನು ದುರುಗುಟ್ಟಿ ನೋಡುತ್ತಿದ್ದ. ಇದು ಆರನೆಯ ವರ್ಷ. ಕತ್ತಿನಲ್ಲಿ ಕಡಿದದ್ದು ಹಲ್ಲಿಯ ಬಾಲವೇನಪ್ಪಾ ಮತ್ತೆ ಬೆಳೆಯೋಕೆ ಎಂದು ಮೊದಲನೆಯ ವರ್ಷ ಗುಮಾಸ್ತನನ್ನು ಕೇಳಿದ್ದ. ನಿಯಮ ಅಂದರೆ ನಿಯಮ ಎಂದು ಗುಮಾಸ್ತ ತಲೆಯೆತ್ತದೆ ಹೇಳಿದ್ದ. ಆಮೇಲೆ ಗುಮಾಸ್ತರು ಮೂವರು ಬದಲಾದರು, ಗೋಡೆಯ ಬಣ್ಣ ಒಮ್ಮೆ ಬದಲಾಯಿತು, ನಿಯಮ ಮಾತ್ರ ಗುಂಡುಕಲ್ಲಿನ ಹಾಗೆ ಕೂತಿತ್ತು. ಕಾರಿಡಾರಿನಲ್ಲಿ ಓಡಾಡುವವರು ಅವನ ಕಾಲನ್ನು ದಾಟಿಕೊಂಡು ಹೋಗುತ್ತಿದ್ದರು. ಒಬ್ಬ ಪಾದವನ್ನೇ ತುಳಿದು, ಇವನಿಗೆ ನೋವಾಗಲಿಲ್ಲವೆಂದು ಮುಖ ನೋಡಿ ಖಾತ್ರಿ ಮಾಡಿಕೊಂಡು ಮುಂದೆ ನಡೆದ. ಎದುರಿನ ಬೆಂಚಿನಲ್ಲಿದ್ದ ಹೆಂಗಸು ಅದನ್ನು ಕಂಡು ಲೊಚಗುಟ್ಟಿದಳು. ತುಳಿದವನಿಗಿಂತ ಆ ಲೊಚಗುಟ್ಟಿದವಳ ಮೇಲೆ ಅವನಿಗೆ ಹೆಚ್ಚು ಸಿಟ್ಟು ಬಂತು.

ಅವನಿಗೆ ಸಿಟ್ಟು ಬಂತು ಎಂದರೆ ಹೊಸದೇನೂ ಹೇಳಿದಂತಾಗುವುದಿಲ್ಲ. ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಆದರೆ ಕುರ್ಚಿಗೆ ಬಿದ್ದ ಮೇಲೆ ಆ ಕೋಪಕ್ಕೆ ಊರಿನವರೆಲ್ಲ ಕಾವಲುಗಾರರಾಗಿಬಿಟ್ಟಿದ್ದರು. ಕೋಪ ಮಾಡ್ಕೋಬೇಡಿ ಬಿಪಿ ಏರುತ್ತೆ ಎಂದು ಭಾವಮೈದ ಹೇಳುತ್ತಿದ್ದ, ಪಕ್ಕದ ಮನೆಯ ಮೇಷ್ಟ್ರು ಹೇಳುತ್ತಿದ್ದರು, ಔಷಧಿ ಅಂಗಡಿಯವನು ಚೀಟಿ ಓದುತ್ತಲೇ ಹೇಳುತ್ತಿದ್ದ. ಬಿಪಿ ಏರಿಸುವಷ್ಟು ಯೋಗ್ಯತೆ ತನ್ನ ಕೋಪಕ್ಕೆ ಈಗ ಉಳಿದಿಲ್ಲ ಎಂದು ಇವರಿಗೆಲ್ಲ ಹೇಗೆ ಹೇಳುವುದು? ಬೀದಿಗಳಿಗೆ ನೀರು ಬಿಡುವ ಕೆಲಸದಲ್ಲಿದ್ದಾಗ, ವಾಲ್ವಿನ ಗುಂಡಿಯ ಬಳಿ ಯಾರಾದರೂ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು ನಮ್ಮ ಮನೆಗೆ ಮಾತ್ರ ಯಾಕಯ್ಯಾ ಸಣ್ಣಗೆ ಬರುತ್ತೆ ಎಂದರೆ ಸಾಕು, ಅಂಗಾಲಿನಿಂದ ಉರಿ ಏಳುತ್ತಿತ್ತು. ಹೊಟ್ಟೆ ಬಿಗಿಯುತ್ತಿತ್ತು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಕೈಯಲ್ಲಿದ್ದ ಉದ್ದನೆಯ ಕಬ್ಬಿಣದ ಕೀಲಿ ತಾನಾಗಿಯೇ ಒಂದು ಸುತ್ತು ಹೆಚ್ಚು ತಿರುಗಿಬಿಡುತ್ತಿತ್ತು. ಈಗ ಕೋಪ ಹುಟ್ಟುವುದು ತಲೆಯಲ್ಲಿ, ಸಾಯುವುದು ಕತ್ತಿನಲ್ಲಿ. ಬಾಯಿ ಮನಸೋ ಇಚ್ಛೆ ಬೈಯುತ್ತದೆ, ಕಿವಿ ಬಿಸಿಯಾಗುತ್ತದೆ. ಅದರ ಕೆಳಗೆ ಎದೆ, ಹೊಟ್ಟೆ, ತೊಡೆ ಯಾವುದಕ್ಕೂ ಸುದ್ದಿಯೇ ಮುಟ್ಟಿರುವುದಿಲ್ಲ. ಬೈದು ಮುಗಿಸಿದ ಮೇಲೆ ಕೈ ನಡುಗುವುದಿಲ್ಲ, ಬೆವರು ಬಂದು ಆರುವುದಿಲ್ಲ. ಹಾಗಾಗಿ ಕೋಪ ತೀರುವುದೂ ಇಲ್ಲ. ಪೂರ್ತಿ ಕೋಪಗೊಳ್ಳಲೂ ಆಗದಂತೆ ಮಾಡಿಬಿಟ್ಟರಲ್ಲ ಎಂದು ಅವನು ಯಾರನ್ನೋ ಬೈದುಕೊಂಡ. ಯಾರನ್ನು ಎಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಹೆಂಡತಿ ಪಕ್ಕದ ಬೆಂಚಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬೆಳಿಗ್ಗೆ ಎಂದಿನಂತೆ ಅವನನ್ನು ಹಾಸಿಗೆಯಿಂದ ಮೆಲ್ಲಮೆಲ್ಲಗೆ ಎಬ್ಬಿಸಿ ಕೂರಿಸಿದ್ದಳು. ದಡಕ್ಕನೆ ಎಬ್ಬಿಸಿದರೆ ರಕ್ತವೆಲ್ಲ ಕಾಲಿಗಿಳಿದು ಕಣ್ಣು ಕತ್ತಲೆ ಬರುತ್ತದೆ. ಕಾಲಿನ ರಕ್ತನಾಳಗಳನ್ನು ಬಿಗಿ ಮಾಡು ಎಂಬ ಅಪ್ಪಣೆ ತಲೆಯಿಂದ ಹೊರಟು ಕತ್ತಿನಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಅವಳು ಹೊಟ್ಟೆಗೆ ಅಗಲ ಪಟ್ಟಿ ಸುತ್ತಿ, ಸ್ವಲ್ಪ ಎತ್ತಿ, ಕಾದು, ಇನ್ನೂ ಸ್ವಲ್ಪ ಎತ್ತಿ, ಮುಖದ ಬಣ್ಣ ನೋಡಿ, ಆಮೇಲೆ ಕುರ್ಚಿಗೆ ಇಳಿಸುತ್ತಿದ್ದಳು. ಆರು ವರ್ಷದಿಂದ ದಿನಾ ಅದೇ. ಅದಾದ ಮೇಲೆ ಸಡಿಲ ಪೈಜಾಮ ತಂದಳು. ಅವನು ಬೇಡವೆಂದ. ಇಲಾಖೆಯ ಖಾಕಿ ಪ್ಯಾಂಟು ತಾ, ಬೆಲ್ಟು ತಾ. ಅದು ಬಿಗಿಯಾಗುತ್ತೆ, ಮೂತ್ರದ ಟ್ಯೂಬು ತೊಡೆಯ ಹತ್ತಿರ ಒತ್ತಿಬಿಡುತ್ತೆ ಎಂದು ಅವಳು ಹೇಳಿದಳು. ಬಾಯಿ ಮುಚ್ಚು ಎಂದ. ಅವಳು ಎರಡನೆಯ ಸಲ ಹೇಳಿದಳು. ಕಾಯಿಲೆಯವನ ವೇಷ ಹಾಕಿಸಿ ಊರೆಲ್ಲ ಮೆರವಣಿಗೆ ಮಾಡಿಸೋಕೆ ನಿನಗೆ ಆಸೆ ಎಂದ. ಅವಳು ಮೂರನೆಯ ಸಲ ಹೇಳಲಿಲ್ಲ. ಮಂಡಿಯೂರಿ ಕೂತು, ಅವನ ಸತ್ತ ಕಾಲುಗಳನ್ನು ಒಂದೊಂದಾಗಿ ಖಾಕಿಯೊಳಗೆ ತೂರಿಸಿ, ಸೊಂಟವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ಮೇಲಕ್ಕೆಳೆದು, ಗುಂಡಿ ಹಾಕಿ, ಬೆಲ್ಟು ಬಿಗಿದಳು. ಆ ಹೊತ್ತಿಗೆ ಅವಳ ಹಣೆಯಲ್ಲಿ ಬೆವರಿತ್ತು. ಅವನಿಗೆ ಕನ್ನಡಿ ಹಿಡಿದು ತೋರಿಸಿದಳು.

ಕಳೆದ ವರ್ಷ ಪೈಜಾಮದಲ್ಲೇ ಬಂದಿದ್ದ. ಇದೇ ಡಾಕ್ಟರು ಇವನ ತಲೆಯ ಮೇಲಿಂದ ಹೆಂಡತಿಯನ್ನು ನೋಡುತ್ತ, ಸರಿಯಾಗಿ ಊಟ ಮಾಡ್ತಾರಾ, ನಿದ್ದೆ ಮಾಡ್ತಾರಾ, ಎಂದೆಲ್ಲ ಕೇಳಿದ್ದರು. ಕುರ್ಚಿಯಲ್ಲಿ ಇದ್ದದ್ದು ಒಂದು ಮೂಟೆ, ಅದರ ವಿಚಾರ ಹೊತ್ತುತಂದವರನ್ನು ಕೇಳಬೇಕು, ಅಷ್ಟೆ. ಕೊನೆಗೆ, ಕೋಪ ಜಾಸ್ತೀನಾ ಎಂದು ಕೇಳಿದಾಗ ಹೆಂಡತಿ ಅವನ ಕಡೆ ಒಮ್ಮೆ ನೋಡಿ, ಸ್ವಲ್ಪ, ಎಂದು ನಕ್ಕಿದ್ದಳು. ಡಾಕ್ಟರೂ ನಕ್ಕಿದ್ದರು. ಆ ನಗುವನ್ನು ಅವನು ವರ್ಷವಿಡೀ ಜಗಿದಿದ್ದ. ಅವಳು ನಕ್ಕದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಒಂದೊಂದು ಸಲ ತೋರುತ್ತಿತ್ತು. ಆಗ ಇನ್ನಷ್ಟು ಜಗಿಯುತ್ತಿದ್ದ. ಹನ್ನೊಂದೂಕಾಲಿಗೆ ಬೀಗ ತೆಗೆದು, ಡಾಕ್ಟರು ಒಳಗೆ ಹೋಗಿ, ಅಟೆಂಡರು ಬಂದು ಕುರ್ಚಿಯ ಹಿಡಿಗೆ ಕೈಹಾಕಿದಾಗ ಹೆಂಡತಿ ಎದ್ದು ನಿಂತಳು. ಅವನು ಕಾರಿಡಾರಿಗೆಲ್ಲ ಕೇಳುವಂತೆ ಹೇಳಿದ.

"ನೀನು ಬರಬೇಡ. ಅಲ್ಲೇ ಕೂತ್ಕೋ. ನಾನು ಕರೆಯೋವರೆಗೂ ಒಳಗೆ ಕಾಲಿಡಬೇಡ."

ಲೊಚಗುಟ್ಟಿದ ಹೆಂಗಸು ತಲೆಯೆತ್ತಿ ನೋಡಿದಳು. ಹೆಂಡತಿ ಆಯ್ತು ಎಂದಳು. ಸೆರಗಿನಿಂದ ಬೆಂಚನ್ನು ಒರೆಸಿ, ಮೊದಲು ಕೂತಿದ್ದ ಜಾಗದಲ್ಲೇ ಮತ್ತೆ ಕೂತಳು.

ಒಳಗೆ ಡಾಕ್ಟರು, ಒಬ್ಬ ನರ್ಸು, ಮೂಲೆಯಲ್ಲಿ ಗುಮಾಸ್ತ. ಅವನು ಸಿದ್ಧಮಾಡಿಕೊಂಡು ಬಂದಿದ್ದ ಮಾತುಗಳನ್ನು ಶುರುಮಾಡುವ ಮೊದಲೇ ಇಬ್ಬರು ಅಟೆಂಡರುಗಳು ಕಂಕುಳಿಗೆ, ಮಂಡಿಯ ಕೆಳಗೆ ಕೈಕೊಟ್ಟು ಎತ್ತಿ ಉದ್ದನೆಯ ಮೇಜಿನ ಮೇಲೆ ಅಂಗಾತ ಮಲಗಿಸಿದರು. ಅಂಗಿ ಮೇಲೆ ಸರಿದು ಹೊಟ್ಟೆಯ ಪಟ್ಟಿ ಎಲ್ಲರಿಗೂ ಕಂಡಿತು. ಮೂತ್ರದ ಚೀಲವನ್ನು ಒಬ್ಬ ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಹಿಡಿದ ಹಾಗೆ ಹಿಡಿದು ಮೇಜಿನ ಕಂಬಿಗೆ ಸಿಕ್ಕಿಸಿದ. ಅವನು ಅಂಗಿಯನ್ನು ಕೆಳಗೆಳೆದುಕೊಳ್ಳಲು ನೋಡಿದ. ಮೊಣಕೈ ಮಡಿಸಬಲ್ಲ, ಮಣಿಕಟ್ಟು ಎತ್ತಬಲ್ಲ. ಬೆರಳುಗಳು ಮಾತ್ರ ಯಾವುದನ್ನೂ ಹಿಡಿಯುವುದಿಲ್ಲ. ಮುಷ್ಟಿಯ ಬದಿಯಿಂದ ಅಂಗಿಯನ್ನು ಎರಡು ಸಲ ತಳ್ಳಿ ಬಿಟ್ಟ. ಡಾಕ್ಟರು ಗುಂಡುಪಿನ್ನಿನಿಂದ ಅಲ್ಲಲ್ಲಿ ಚುಚ್ಚಿ ಇಲ್ಲಿ ಗೊತ್ತಾಗುತ್ತಾ, ಇಲ್ಲಿ ಗೊತ್ತಾಗುತ್ತಾ ಎಂದು ಕೇಳುತ್ತ ಹೋದರು. ಇಲ್ಲ, ಇಲ್ಲ, ಎನ್ನುತ್ತ ಹೋದ. ಪ್ರತಿ ಸಲ ಇಲ್ಲ ಎಂದಾಗಲೂ ಗುಮಾಸ್ತನ ಪೆನ್ನು ಸರಕ್ಕೆಂದಿತು. ತನ್ನ ಬಾಯಿಂದಲೇ ತನ್ನನ್ನು ಇಂಚಿಂಚಾಗಿ ಹೊಡೆದುಹಾಕಿಸುತ್ತಿದ್ದಾರೆ ಎನ್ನಿಸಿತು. ಐದನೆಯ ಸಲವೋ ಆರನೆಯ ಸಲವೋ ಇಲ್ಲ ಎನ್ನುವಾಗ ಅವನ ದನಿ ಬದಲಾಗಿತ್ತು. ಮೂಗು ಕಟ್ಟಿತ್ತು.

ನೆಗಡಿಯೇ ಎಂದು ನರ್ಸು ಕೇಳಿದಳು. ನೆಗಡಿಯಲ್ಲ. ಅವನಿಗೆ ಗೊತ್ತಾಗಿಬಿಟ್ಟಿತ್ತು. ಮೊದಲು ಮೂಗು ಕಟ್ಟುತ್ತದೆ, ಆಮೇಲೆ ಮುಖ ಕೆಂಪಾಗಿ ಬೆವರುತ್ತದೆ, ಆಮೇಲೆ ನೆತ್ತಿಯ ಮೇಲೆ ಸುತ್ತಿಗೆ. ಚಿಕಿತ್ಸೆಯ ವಾರ್ಡಿನಲ್ಲಿದ್ದಾಗ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಯೊಬ್ಬಳು, ನೀವು ಏನು ಕೆಲಸ ಮಾಡ್ತಿದ್ರಿ ಎಂದು ವಿಚಾರಿಸಿ, ಇವನ ಭಾಷೆಯಲ್ಲೇ ಇದನ್ನು ಬಿಡಿಸಿ ಹೇಳಿದ್ದಳು. ಮೈತುಂಬ ಸಣ್ಣ ಸಣ್ಣ ವಾಲ್ವುಗಳಿವೆ. ಎಷ್ಟು ತೆರೆಯಬೇಕು ಎಷ್ಟು ಮುಚ್ಚಬೇಕು ಎಂದು ತಲೆಯಿಂದ ಫೋನು ಹೋಗುತ್ತದೆ, ಬೆನ್ನುಹುರಿಯ ತಂತಿಯಲ್ಲಿ. ನಿಮ್ಮ ತಂತಿ ಕತ್ತಿನಲ್ಲಿ ಕಡಿದಿದೆ. ಕೆಳಗೆ ಎಲ್ಲೋ ಏನೋ ತೊಂದರೆಯಾಯಿತು ಅನ್ನಿ, ಟ್ಯೂಬು ಮಡಚಿ ಮೂತ್ರಕೋಶ ತುಂಬಿತು, ಉಗುರು ಮಾಂಸಕ್ಕೆ ಹೊಕ್ಕಿತು. ನಿಮಗೆ ನೋವು ಗೊತ್ತಾಗೋದಿಲ್ಲ, ಆದರೆ ಕೆಳಗಿನ ಮೈಗೆ ಗೊತ್ತಾಗುತ್ತೆ. ಅದು ಗಾಬರಿಬಿದ್ದು ಇದ್ದಬದ್ದ ವಾಲ್ವನ್ನೆಲ್ಲ ಮುಚ್ಚಿಬಿಡುತ್ತೆ. ಮೇಲೆ ಪ್ರೆಶರ್ ಏರುತ್ತೆ. ತಲೆ ತೆರೀರೋ ತೆರೀರೋ ಅಂತ ಬಡಕೊಳ್ಳುತ್ತೆ, ಕೆಳಗೆ ಕೇಳಿಸೋದಿಲ್ಲ. ಎದೆಗೆ ಮಾತ್ರ ಬೇರೆ ದಾರಿಯಿಂದ ಒಂದು ತಂತಿ ಉಳಿದಿದೆ. ಅದರಲ್ಲಿ ಪಂಪು ನಿಧಾನ ಮಾಡು ಅಂತ ಹೇಳುತ್ತೆ, ಅಷ್ಟೇ ಅದರ ಕೈಲಾಗೋದು. ಬಿಪಿ ಜೋರು, ನಾಡಿ ನಿಧಾನ. ಎರಡೂ ಒಟ್ಟಿಗೆ ಕಂಡರೆ ಕೂರಿಸಬೇಕು, ಮಲಗಿಸಬಾರದು. ಟ್ಯೂಬು ನೋಡಬೇಕು. ತಡಮಾಡಿದರೆ ತಲೆಯೊಳಗೆ ಪೈಪು ಒಡೆಯುತ್ತೆ. ಪೈಪು ಒಡೆಯುವುದೆಂದರೇನು ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನನ್ನನ್ನ ಎತ್ತಿ ಕೂರಿಸಿ," ಅಂದ.

ಪರೀಕ್ಷೆ ಮುಗೀಲಿ ಎಂದರು ಡಾಕ್ಟರು. ಬಿಪಿ ನೋಡಿ ಎಂದ. ಅದನ್ನು ಹೇಳಿದ ರೀತಿ ಅಪ್ಪಣೆ ಕೊಟ್ಟಂತಿತ್ತು. ಡಾಕ್ಟರ ಹುಬ್ಬು ಮೇಲೇರಿತು. ನರ್ಸು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ ನೋಡಿ, ನೂರೈವತ್ತೆರಡು, ತೊಂಬತ್ತಾರು ಎಂದಳು. ಏನಿಲ್ಲ, ನಮ್ಮ ಗುಮಾಸ್ತರಿಗೂ ಅಷ್ಟೇ ಇರುತ್ತೆ ಎಂದರು ಡಾಕ್ಟರು. ಗುಮಾಸ್ತ ಹೆಮ್ಮೆಯಿಂದಲೋ ಎಂಬಂತೆ ತಲೆಯಾಡಿಸಿದ. ನನ್ನದು ದಿನಾ ಇರೋದು ತೊಂಬತ್ತು, ನಿಮ್ಮ ಗುಮಾಸ್ತರ ಕತ್ತು ಮುರಿದಿಲ್ಲ, ನನ್ನದು ಮುರಿದಿದೆ, ಎಂದು ಅವನು ಗಂಟಲು ಹರಿದುಕೊಂಡ. ಮಲಗಿಸಬಾರದು ರೀ, ಮಲಗಿಸಿದರೆ ಇನ್ನೂ ಏರುತ್ತೆ, ಓದಿದ್ದೀರೋ ಇಲ್ಲವೋ. ಅಲ್ಲಿಗೆ ಕೆಟ್ಟಿತು. ಓದಿದ್ದೀರೋ ಇಲ್ಲವೋ ಎಂಬ ಮಾತು ಕೋಣೆಯಲ್ಲಿದ್ದ ಎಲ್ಲರ ಕಿವಿಗೂ ಬಿತ್ತು, ಅದರ ಹಿಂದೆ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಬಹಳ ಸಮಾಧಾನದಿಂದ ಮಾತಾಡಿದರು.

"ನೋಡಿ ಯಜಮಾನ್ರೇ, ನಿಮಗೆ ಬಿಪಿ ಏರಿರೋದು ಈ ಕೋಪದಿಂದ. ಮೊದಲು ಕೋಪ ಇಳಿಸ್ಕೊಳ್ಳಿ, ಅದು ತಾನೇ ಇಳಿಯುತ್ತೆ. ಸ್ವಲ್ಪ ಹೊತ್ತು ಸುಮ್ಮನೆ ಮಲಗಿ."

ತಲೆಯೊಳಗೆ ಸುತ್ತಿಗೆ ಬಿತ್ತು. ಒಂದು ಏಟು, ಅದರ ಹಿಂದೆ ನಿಧಾನವಾಗಿ ಇನ್ನೊಂದು. ಎದೆ ನಿಧಾನ ಮಾಡುತ್ತಿದೆ, ಮಿಕ್ಕ ಒಂದೇ ತಂತಿಯಲ್ಲಿ ಅಪ್ಪಣೆ ಹೋಗಿದೆ. ಕೋಪಕ್ಕೆ ಎಲ್ಲಾದರೂ ನಾಡಿ ನಿಧಾನವಾಗುತ್ತದೆಯೇನ್ರೋ ಪೆದ್ದರಾ ಎಂದು ಕೇಳಬೇಕು. ಕೇಳಿದ. ಅದೇ ಮಾತಿನಲ್ಲೇ ಕೇಳಿದ. ಎತ್ತರದ ಅಟೆಂಡರು ಅವನ ಎರಡೂ ಭುಜ ಹಿಡಿದು ಮೇಜಿಗೊತ್ತಿ, ಸುಮ್ಮನಿರಣ್ಣ, ನಿನ್ನ ಒಳ್ಳೇದಕ್ಕೇ, ಎಂದ. ಟ್ಯೂಬು ನೋಡಿ, ಟ್ಯೂಬು ಎಂದು ಅವನು ಕೂಗಿದ. ನರ್ಸು ಬಗ್ಗಿ ಚೀಲ ನೋಡಿದಳು, ಬೆರಳಿನಿಂದ ತಟ್ಟಿಯೂ ನೋಡಿದಳು. ಮೂತ್ರ ಬಂದಿದೆಯಲ್ಲ, ಇಷ್ಟು ಬಂದಿದೆ, ಹೋಗ್ತಾ ಇದೆ, ಎಂದಳು. ಬಂದಿರುವುದು ಬೆಳಗಿನದು. ಮನೆ ಬಿಡುವಾಗಲೇ ಅಷ್ಟಿತ್ತು. ಎಷ್ಟಿತ್ತು, ಎಷ್ಟಾಗಬೇಕಿತ್ತು ಎಂದು ಲೆಕ್ಕ ಇಟ್ಟುಕೊಂಡಿರುವವಳು ಗೋಡೆಯ ಆಚೆ ಬೆಂಚಿನ ಮೇಲಿದ್ದಾಳೆ. ವಾರ್ಡಿನವರು ಬರೆದುಕೊಟ್ಟ ಎಚ್ಚರಿಕೆಯ ಕಾರ್ಡೂ ಅವಳ ಕೈಚೀಲದಲ್ಲೇ ಇದೆ. ಟ್ಯೂಬು ಎಲ್ಲಿ ಮಡಚಿದೆ ಎಂಬುದೂ ಅವನಿಗೆ ಗೊತ್ತಿತ್ತು. ತೊಡೆಯ ಸಂದಿಯಲ್ಲಿ, ಖಾಕಿಯ ದಪ್ಪ ಹೊಲಿಗೆ ಬರುವ ಕಡೆ, ಬೆಲ್ಟಿನ ಕೆಳಗೆ. ಪ್ಯಾಂಟು ಬಿಚ್ಚಿ ಎಂದು ಎರಡು ಮಾತು ಹೇಳಿದರೆ ಮುಗಿಯಿತು. ಅವನು ಮೇಜನ್ನು ಬೈದ, ಇಲಾಖೆಯನ್ನು ಬೈದ, ಡಾಕ್ಟರಿಗೆ ಪಾಠ ಹೇಳಿದವರನ್ನು ಬೈದ; ಆ ಎರಡು ಮಾತು ಮಾತ್ರ ಬಾಯಿಂದ ಬರಲಿಲ್ಲ. ಅವಳನ್ನು ಕರೀರಿ ಎಂಬುದೂ ಬರಲಿಲ್ಲ. ಅವಳು ಬಂದರೆ ಪ್ಯಾಂಟಿನ ಕಡೆಗೇ ಕೈಹಾಕುತ್ತಾಳೆ, ಎರಡು ಸಲ ಹೇಳಿದ್ದೆ ಎನ್ನುತ್ತಾಳೆ. ಅನ್ನದೇ ಇದ್ದರೆ ಅದು ಇನ್ನೂ ಕಷ್ಟ.

ಕಣ್ಣಿನ ಮುಂದೆ ಬಿಳಿ ಚುಕ್ಕೆಗಳು ಎದ್ದವು. ಸೀಲಿಂಗಿನ ಫ್ಯಾನು ಎರಡಾಗಿ ಕಂಡಿತು. ನೀರು ಬಿಡುತ್ತಿದ್ದ ಕಾಲದ ಒಂದು ಬೀದಿ ನೆನಪಾಯಿತು; ಅದರ ಹೆಸರನ್ನು ಅವನು ಯಾರಿಗೂ ಹೇಳಿರಲಿಲ್ಲ. ಇಳಿಜಾರಿನ ಬೀದಿ, ಕೊನೆಯಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಅಂಗಡಿಯವನು ಹತ್ತು ಜನರೆದುರಿಗೆ, ನೀರು ಬಿಡೋನಿಗೆ ಇಷ್ಟು ಪೊಗರಾದರೆ ಮೋಡದವನಿಗೆ ಎಷ್ಟಿರಬೇಡ ಎಂದು ತಮಾಷೆ ಮಾಡಿ ನಗಿಸಿದ್ದ. ಅವತ್ತು ಅವನು ಆ ಬೀದಿಯ ವಾಲ್ವನ್ನು ಪೂರ್ತಿ ಮುಚ್ಚಿ, ಪಂಪ್ ಹೌಸಿಗೆ ತಿಳಿಸದೆ, ಕೀಲಿ ಹೆಗಲಿಗೇರಿಸಿಕೊಂಡು ನಡೆದುಬಿಟ್ಟಿದ್ದ. ಪಂಪಿನ ಆಪರೇಟರು ಮೂರು ಸಲ ಫೋನು ಮಾಡಿದ್ದ. ಜೇಬಿನಲ್ಲಿ ಅದು ಗುರುಗುಟ್ಟುವುದನ್ನು ಕೇಳುತ್ತ ಅವನು ಖುಷಿಯಿಂದ ಟೀ ಕುಡಿದ. ಹಳೆಯ ಪೈಪು ಆ ಬೀದಿಯಲ್ಲಿ ಒಡೆಯಲಿಲ್ಲ. ಅದರ ಹಿಂದಿನ ಬೀದಿಯಲ್ಲಿ, ಯಾವ ತಪ್ಪನ್ನೂ ಮಾಡದ ಒಂದು ಮನೆಯ ಹಿತ್ತಿಲಿನಲ್ಲಿ ಒಡೆಯಿತು. ಹೋಗಿ ನೋಡಿದಾಗ ಮುದುಕಿಯೊಬ್ಬಳು ಮೊಣಕಾಲುದ್ದ ಕೆಸರು ನೀರಿನಲ್ಲಿ, ದಿಂಬೊಂದನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳು ಬೈಯಲಿಲ್ಲ. ಬಂದೆಯಲ್ಲಪ್ಪಾ ಸದ್ಯ ಎಂದಳು. ಪೈಪು ಹಳೇದು, ಆಪರೇಟರು ಪ್ರೆಶರ್ ಜಾಸ್ತಿ ಕೊಟ್ಟ ಎಂದು ಅವನು ಬರೆದುಕೊಟ್ಟ. ಆಪರೇಟರನ್ನು ಬೇರೆ ಕಡೆಗೆ ಹಾಕಿದರು. ಬರೆದುಕೊಟ್ಟದ್ದು ಯಾರೆಂದು ತಿಳಿಯದ ಆಪರೇಟರು ಹೋಗುವ ದಿನ ಬಂದು ಇವನ ಕೈ ಕುಲುಕಿ, ನಿಮ್ಮಿಂದ ಬಹಳ ಸಹಾಯ ಆಯ್ತು ಎಂದ.

ಇನ್ನೂರ ಎರಡು, ನೂರ ಹದಿನಾರು, ಎಂದಳು ನರ್ಸು. ಈ ಸಲ ಅವಳ ದನಿ ತಗ್ಗಿತ್ತು. ನಾಡಿ ನಲವತ್ತಾರು. ಡಾಕ್ಟರು ಮೇಜಿನ ಹತ್ತಿರ ಬಂದು ತಾವೇ ಇನ್ನೊಮ್ಮೆ ನೋಡಿದರು. ಅವರ ಮುಖದಲ್ಲಿ ಈಗ ಸಮಾಧಾನ ಇರಲಿಲ್ಲ. ಬಹಳ ಉದ್ರೇಕ ಆಗಿದ್ದಾರೆ, ನಿದ್ದೆಗೆ ಒಂದು ಇಂಜೆಕ್ಷನ್ ಕೊಟ್ಟುಬಿಡೋಣ, ಎಂದರು. ನರ್ಸು ಟ್ರೇ ಎಳೆದುಕೊಂಡಳು. ಔಷಧಿಯ ಪುಟ್ಟ ಗಾಜಿನ ಸೀಸೆಯ ಕತ್ತು ಮುರಿದ ಸದ್ದು ಕೇಳಿಸಿತು. ನಿದ್ದೆ ಬಂದರೆ ಹೇಳುವವರು ಯಾರೂ ಇರುವುದಿಲ್ಲ. ಕೆಳಗೆ ವಾಲ್ವುಗಳು ಮುಚ್ಚಿಕೊಂಡೇ ಇರುತ್ತವೆ, ಮೇಲೆ ಪೈಪು ಉಬ್ಬುತ್ತಲೇ ಇರುತ್ತದೆ, ಮುಖದಲ್ಲಿ ಮಾತ್ರ ಶಾಂತಿ ಇರುತ್ತದೆ, ಎಲ್ಲರಿಗೂ ನೆಮ್ಮದಿ. ಅವನಿಗೆ ಹುಟ್ಟಿದಾಗಿನಿಂದ ಗೊತ್ತಿಲ್ಲದ ಒಂದು ಭಯವಾಯಿತು. ಹಲ್ಲು ಕಚ್ಚಿ ಬಾಯಿ ಮುಚ್ಚಿದ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದ. ಆಮೇಲೆ, ಆರು ವರ್ಷದಲ್ಲಿ ಯಾರೊಡನೆಯೂ ಮಾತಾಡಿರದಷ್ಟು ಮೆಲ್ಲಗೆ ಹೇಳಿದ.

"ಅಮ್ಮಾ, ದಮ್ಮಯ್ಯ. ಹೊರಗೆ ನನ್ನ ಹೆಂಡತಿ ಇದ್ದಾಳೆ, ಕರೀರಿ. ನನ್ನ ಪ್ಯಾಂಟು ಬಿಚ್ಚಬೇಕು."

ನರ್ಸು ಸೂಜಿಯನ್ನು ಬೆಳಕಿಗೆ ಹಿಡಿದಿದ್ದಳು. ಏನಂದ್ರಿ ಎಂದು ಕೇಳಿದಳು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಹೆಂಡತಿ ಯಾರನ್ನೂ ಏನನ್ನೂ ಕೇಳಲಿಲ್ಲ. ಅವನ ಮುಖವನ್ನು ಒಂದು ಕ್ಷಣ ನೋಡಿದಳು, ತೋಳಿನ ಮೇಲೆ ಎದ್ದಿದ್ದ ನವಿರನ್ನು ನೋಡಿದಳು. ಕೈಚೀಲವನ್ನು ನೆಲಕ್ಕೆಸೆದು, ಭುಜ ಒತ್ತಿ ಹಿಡಿದಿದ್ದ ಅಟೆಂಡರಿಗೆ ಬೆನ್ನು ಹಿಡೀರಿ, ಎತ್ತಿ, ಎಂದಳು. ಡಾಕ್ಟರ ಮಾತಿಗೆ ಕಾಯದೆ ಅವನು ಎತ್ತಿದ. ಎಷ್ಟು ದಿನದಿಂದಲೋ ಇವಳ ಕೈಕೆಳಗೇ ಕೆಲಸ ಮಾಡಿದವನಂತೆ ಎತ್ತಿದ. ಅವಳು ಮೇಜಿನಿಂದ ಅವನ ಕಾಲುಗಳನ್ನು ಕೆಳಗೆ ಇಳಿಬಿಟ್ಟಳು, ಹೊಟ್ಟೆಯ ಪಟ್ಟಿ ಕಿತ್ತಳು, ಬೆಲ್ಟು ಬಿಚ್ಚಿದಳು, ಗುಂಡಿ ಬಿಚ್ಚಲು ಹೋಗಿ ಅದು ಬರದಿದ್ದಾಗ ಎರಡೂ ಕೈಯಿಂದ ಹಿಡಿದು ಹರಿದಳು. ಗುಂಡಿ ಹಾರಿ ಎಲ್ಲೋ ಬಿತ್ತು. ನರ್ಸು, ಗುಮಾಸ್ತ, ಇಬ್ಬರು ಅಟೆಂಡರು, ಡಾಕ್ಟರು, ಐದು ಜನರ ಕಣ್ಣೆದುರಿಗೆ ಇಲಾಖೆಯ ಖಾಕಿ ಮಂಡಿಯವರೆಗೆ ಇಳಿಯಿತು. ತೊಡೆಯ ಸಂದಿಯಲ್ಲಿ ಟ್ಯೂಬು ಎರಡು ಮಡಿಕೆಯಾಗಿ, ಹೊಲಿಗೆಯ ಗುರುತು ಮೂಡಿಸಿಕೊಂಡು ಒತ್ತಿಹೋಗಿತ್ತು. ಬಿಡಿಸಿ ನೇರ ಮಾಡಿದಳು. ಮೂತ್ರ ಬುಳುಬುಳು ಸದ್ದು ಮಾಡುತ್ತ ಚೀಲಕ್ಕಿಳಿಯಿತು. ಆ ಸದ್ದು ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಅವನು ಕಣ್ಣು ಮುಚ್ಚಿಕೊಂಡ. ನಾಚಿಕೆಯಿಂದ ಸಾಯುವಂತಾಗಿತ್ತು, ಆದರೆ ತಲೆಯೊಳಗಿನ ಸುತ್ತಿಗೆ ನಿಲ್ಲುತ್ತ ಬಂದಿತ್ತು.

ನೋಡಿ ಈಗ, ಎಂದು ಹೆಂಡತಿ ನರ್ಸಿಗೆ ಹೇಳಿದಳು. ನೂರರವತ್ತು. ಎರಡು ನಿಮಿಷ ಬಿಟ್ಟು ನೂರ ಹದಿನಾಲ್ಕು. ಇನ್ನೆರಡು ನಿಮಿಷಕ್ಕೆ ಎಂಬತ್ತಾರು. ಈಗ ಅವನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಅವಳು ಬಿಚ್ಚಿದ ಪಟ್ಟಿಯನ್ನು ಮತ್ತೆ ಹೊಟ್ಟೆಗೆ ಸುತ್ತಿ, ಅವನ ತಲೆಯನ್ನು ತನ್ನ ಹೊಟ್ಟೆಗಾನಿಸಿಕೊಂಡು ಸ್ವಲ್ಪ ಹಿಂದಕ್ಕೆ ವಾಲಿಸಿ ಹಿಡಿದಳು. ಸೂಜಿ ಟ್ರೇಯಲ್ಲಿ ಹಾಗೇ ಬಿದ್ದಿತ್ತು. ಡಾಕ್ಟರು ಕನ್ನಡಕ ಒರೆಸಿಕೊಂಡರು. ಅವರಿಗೂ ಏನೋ ಒಂದು ಹೇಳಬೇಕಿತ್ತು.

"ನೋಡಿದ್ರಾ, ಮನೆಯವರು ಬಂದ ತಕ್ಷಣ ಕೋಪ ಇಳೀತು, ಬಿಪಿನೂ ಇಳೀತು."

ಅವನಿಗೆ ಪಿತ್ತ ನೆತ್ತಿಗೇರಿತು. ಎಂಬತ್ತಾರರ ರಕ್ತದಲ್ಲಿ ಬೈಯಲು ಶಕ್ತಿ ಇರಲಿಲ್ಲ. ಹೆಂಡತಿಯೇ ಮಾತಾಡಿದಳು, ಜೋರು ಮಾಡದೆ. ಅವರ ಕೋಪಕ್ಕೂ ಅವರ ಬಿಪಿಗೂ ಸಂಬಂಧ ಇಲ್ಲ ಡಾಕ್ಟ್ರೇ, ಆ ದಾರಿ ಕತ್ತಲ್ಲೇ ಕಡಿದುಹೋಗಿದೆ, ಪೂರ್ತಿ ಕಡಿದಿದೆ ಅಂತ ಹೋದ ವರ್ಷ ನೀವೇ ಬರೆದಿದ್ದೀರಿ, ಕಡತದಲ್ಲಿದೆ. ಗುಮಾಸ್ತ ಯಾರೂ ಹೇಳದೆಯೇ ಕಡತ ತಿರುವಿದ. ಡಾಕ್ಟರು ಅದರತ್ತ ನೋಡಲಿಲ್ಲ. ಯಾವ ಬದಲಾವಣೆಯೂ ಇಲ್ಲ ಎಂದು ಬರೆದು ಸಹಿ ಮಾಡಿದರು. ಮೊಹರು ಬಿತ್ತು.

ಹೊರಗೆ ವ್ಯಾನು ಬರಬೇಕಿತ್ತು. ಕಟ್ಟಡದ ಮುಂದಿನ ನೆರಳಿನಲ್ಲಿ ಅವಳು ಕುರ್ಚಿ ನಿಲ್ಲಿಸಿ ಬ್ರೇಕು ಹಾಕಿದಳು. ಗುಂಡಿಯಿಲ್ಲದ ಪ್ಯಾಂಟಿನ ಮೇಲೆ ತನ್ನ ಶಾಲು ಹೊದಿಸಿದ್ದಳು. ಎರಡು ಸಲ ಹೇಳಿದ್ದೆ ಎಂದು ಅವಳು ಈಗ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು ಅವನು ಕಾದ. ಅವಳು ರಸ್ತೆಯ ಕಡೆ ನೋಡುತ್ತ ನಿಂತಿದ್ದಳು. ಕಾದು ಸಾಕಾಗಿ ಅವನೇ ಬಾಯಿ ತೆರೆದ. ತೆರೆದಾಗ ಹಳೆಯ ದನಿಯೇ ಬಂತು. ಒಳಗೆ ಅಷ್ಟೊಂದು ಕಿರುಚುತ್ತಿದ್ದೆ, ಟ್ಯೂಬು ಟ್ಯೂಬು ಅಂತ ಬಡಕೊಳ್ತಿದ್ದೆ, ನಿನಗೆ ಕಿವಿ ಕೇಳಿಸಲಿಲ್ವಾ ಎಂದ.

"ಕೇಳಿಸ್ತು," ಅಂದಳು ಅವಳು.

"ಮತ್ತೆ?"

"ಮಲಗಿಸಬೇಡಿ ಅಂದದ್ದೂ ಕೇಳಿಸ್ತು, ಟ್ಯೂಬು ಅಂದದ್ದೂ ಕೇಳಿಸ್ತು. ಏನಾಗಿದೆ ಅಂತ ನನಗೆ ಆಗಲೇ ಗೊತ್ತಾಯ್ತು. ಎದುರಿಗೇ ಗಡಿಯಾರ ಇತ್ತು. ಹನ್ನೊಂದು ನಿಮಿಷ ನೋಡ್ಕೊಂಡು ಕೂತಿದ್ದೆ. ಕರೀಲಿ, ಆಮೇಲೆ ಹೋಗ್ತೀನಿ ಅಂತ."

ಅವನು ತಿರುಗಿ ನೋಡಲು ಹೋದ; ಕತ್ತು ಅಷ್ಟು ತಿರುಗುವುದಿಲ್ಲ. ಅವಳು ಕುರ್ಚಿಯ ಹಿಂದೆ ಇದ್ದಳು. ಕರೆದೆ, ಎಂದ. ಕರೆದೆ ಕಣೇ, ಮೆಲ್ಲಗೆ ಕರೆದೆ.

"ಅದು ಕೇಳಿಸಲಿಲ್ಲ. ನಿಮ್ಮ ಕೂಗು ನಿಂತಿತು, ಅದಕ್ಕೆ ಎದ್ದು ಬಂದೆ." ಕೈಚೀಲವನ್ನು ಕುರ್ಚಿಯ ಹಿಡಿಗೆ ತೂಗುಹಾಕಿ ಅವಳು ಮತ್ತೆ ಹೇಳಿದಳು. "ನನಗೂ ಕೋಪ ಬರುತ್ತೆ ರೀ. ಇವತ್ತು ಎಷ್ಟು ಬಂತು ಅಂದ್ರೆ, ಆ ಹನ್ನೊಂದು ನಿಮಿಷ ನೀವು ಸತ್ತರೂ ಸಾಯಲಿ ಅಂತಲೇ ಕೂತಿದ್ದೆ."

ವ್ಯಾನು ಗೇಟಿನೊಳಗೆ ತಿರುಗಿ ಹಾರ್ನು ಮಾಡಿತು. ಅವಳು ಮುಂದೆ ಬಂದು ಬಗ್ಗಿ, ಬ್ರೇಕು ಬಿಡಿಸಲು ಕೈಯಿಟ್ಟಳು. ಕೈ ಗಡಗಡ ನಡುಗುತ್ತಿತ್ತು. ಕುತ್ತಿಗೆಯ ನರ ಉಬ್ಬಿತ್ತು, ಉಸಿರು ಎದೆಯಿಂದ ಹೊಟ್ಟೆಯವರೆಗೆ ಏರಿಳಿಯುತ್ತಿತ್ತು. ಕೋಪ ಅವಳಲ್ಲಿ ನೆತ್ತಿಯಿಂದ ಅಂಗಾಲಿನವರೆಗೆ ಎಲ್ಲೂ ತಡೆಯಿಲ್ಲದೆ ಓಡಾಡುತ್ತಿತ್ತು. ಅವನು ಅದನ್ನು ಕಣ್ಣು ಕೀಳದೆ ನೋಡಿದ. ಭಯವಾಯಿತು. ಅವಳಿಗೆ ಬ್ರೇಕು ಒಂದೇ ಸಲಕ್ಕೆ ಬಿಡಲಿಲ್ಲ. ಅವನು ತನ್ನ ಮುಷ್ಟಿಯ ಬದಿಯನ್ನು ಅವಳ ಕೈ ಮೇಲಿಟ್ಟು, ಇದ್ದಷ್ಟು ಬಲದಿಂದ ಒತ್ತಿದ.